ನಿವೃತ್ತಿ, ಆಸ್ತಿ ಹಂಚಿಕೆಯ ಸಲಹೆಗಾರರ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವೃತ್ತಿಗೆ ಬರಬೇಕೆಂದಿರುವ ಹುಡುಗ ಹುಡುಗಿಯರು, ಬ್ಯಾಂಕಿನ ಕೆಲಸದಿಂದ ಬೇಸತ್ತವರು, ಜೊತೆಗೆ ಸಲಹೆ ಕೇಳಿ ಬರುವ ಹಿರಿಯರು ನನ್ನ ಬಳಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿವು. ನಾನು ಸಲಹೆ ಕೊಡುವುದು ಜಿಲ್ಲಾ ಕೇಂದ್ರವೊಂದರಲ್ಲಿ. ನನ್ನ ಬಳಿ ಬರುವವರಲ್ಲಿ ಮೇಷ್ಟ್ರುಗಳು, ಬ್ಯಾಂಕ್ ನೌಕರರು, ಅಂಗಡಿ ಇಟ್ಟವರು, ಅಡಿಕೆ ತೋಟದವರೇ ಜಾಸ್ತಿ. ಹಾಗಾಗಿ ಉತ್ತರಗಳೂ ಅವರ ಬದುಕಿನ ಸುತ್ತಲೇ ಇವೆ.

ಈ ಕೆಲಸದಲ್ಲಿ ನಿಜವಾಗಿ ಮಾಡುವುದೇನು?

ಯಾವ ಫಂಡ್ ಚೆನ್ನಾಗಿದೆ ಅಂತ ಹೇಳುವುದೇ ಕೆಲಸ ಅಂದುಕೊಂಡು ಬರುವವರು ಬಹಳ. ಅದು ಸಣ್ಣ ಭಾಗ. ದುಡಿಯುವುದು ನಿಂತ ಮೇಲೆ ತಿಂಗಳ ಖರ್ಚು ಎಲ್ಲಿಂದ ಬರುತ್ತದೆ, ಆ ವ್ಯಕ್ತಿ ಇಲ್ಲವಾದ ಮೇಲೆ ಉಳಿದದ್ದು ಯಾರ ಕೈಗೆ ಹೇಗೆ ಸೇರುತ್ತದೆ ಅನ್ನುವ ಎರಡು ವಿಷಯಗಳನ್ನು ನೆಟ್ಟಗೆ ಮಾಡಿಸುವುದೇ ಮುಖ್ಯ. ಮೊದಲನೆಯದಕ್ಕೆ ಲೆಕ್ಕ ಬೇಕು. ಎರಡನೆಯದಕ್ಕೆ ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿಸುವ ತಾಳ್ಮೆ ಬೇಕು. ಲೆಕ್ಕ ಕಂಪ್ಯೂಟರೂ ಮಾಡುತ್ತದೆ. ಅಪ್ಪ ಬದುಕಿದ್ದಾಗಲೇ ಆಸ್ತಿಯ ಮಾತು ಎತ್ತಿಸುವುದಿದೆಯಲ್ಲ, ಅದಕ್ಕೇ ನಮ್ಮಂಥವರು ಬೇಕಾಗುವುದು.

ಯಾವ ಓದು, ಯಾವ ಪರೀಕ್ಷೆ ಬೇಕು?

ಫೀ ತೆಗೆದುಕೊಂಡು ಹೂಡಿಕೆ ಸಲಹೆ ಕೊಡಬೇಕೆಂದರೆ ಷೇರು, ಫಂಡ್ ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯಲ್ಲಿ ನೋಂದಣಿ ಕಡ್ಡಾಯ. ಇದಕ್ಕಿರುವುದು 2013ರ ಹೂಡಿಕೆ ಸಲಹೆಗಾರರ ನಿಯಮಾವಳಿ. ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಎಕ್ಸ್-ಎ ಮತ್ತು ಎಕ್ಸ್-ಬಿ ಎಂಬ ಎರಡು ಪರೀಕ್ಷೆ ಪಾಸಾಗಬೇಕು. ಮೊದಲು ಸ್ನಾತಕೋತ್ತರ ಪದವಿ, 5 ವರ್ಷದ ಅನುಭವ ಎರಡನ್ನೂ ಕೇಳುತ್ತಿದ್ದರು. 2024ರ ಡಿಸೆಂಬರ್ ತಿದ್ದುಪಡಿಯಲ್ಲಿ ಅದನ್ನು ಪದವಿಗೆ ಇಳಿಸಿದರು, ಅನುಭವದ ಷರತ್ತನ್ನು ಕೈಬಿಟ್ಟರು. ಇಷ್ಟು ಬಂಡವಾಳ ತೋರಿಸಿ ಅನ್ನುವ ನಿಯಮದ ಬದಲು ಠೇವಣಿ ಬಂತು. 150 ಗ್ರಾಹಕರವರೆಗೆ 1 ಲಕ್ಷ ರೂಪಾಯಿ ಸಾಕು. ಸಣ್ಣ ಊರಿನ ಬಿಕಾಂ ಓದಿದ ಹುಡುಗಿಗೆ ಈ ಬಾಗಿಲು ತೆರೆದದ್ದು ನನಗಂತೂ ತುಂಬಾ ಸಂತೋಷ ಕೊಟ್ಟಿದೆ.

ಸಿಎಫ್‌ಪಿ ಅನ್ನುವ ಹಣಕಾಸು ಯೋಜಕರ ಸರ್ಟಿಫಿಕೇಟ್ ಕಡ್ಡಾಯವಲ್ಲ. ಆದರೆ ಅದರಲ್ಲಿ ನಿವೃತ್ತಿ, ತೆರಿಗೆ, ಆಸ್ತಿ ವರ್ಗಾವಣೆಯ ಪಾಠಗಳಿವೆ. ಸಾಧ್ಯವಾದರೆ ಮಾಡಿಕೊಳ್ಳಿ.

ಇರುವ ಕೆಲಸ ಬಿಟ್ಟೇ ಬರಬೇಕಾ?

ಬೇಕಿಲ್ಲ. ಈಗ ಅರೆಕಾಲಿಕ ಸಲಹೆಗಾರರಾಗಿಯೂ ನೋಂದಣಿ ಮಾಡಿಸಬಹುದು. ಅವರಿಗೆ 75 ಗ್ರಾಹಕರ ಮಿತಿ ಇದೆ. ನಿಮ್ಮ ಈಗಿನ ಕೆಲಸ ಕೊಟ್ಟವರ ಒಪ್ಪಿಗೆ ಇದೆಯೇ ಅಂತ ಮೊದಲು ನೋಡಿಕೊಳ್ಳಿ.

ವಿಮಾ ಏಜೆಂಟ್, ಮ್ಯೂಚುವಲ್ ಫಂಡ್ ಏಜೆಂಟ್, ನೀವು: ಎಲ್ಲ ಒಂದೇ ಅಲ್ವಾ?

ಅಲ್ಲ. ಯಾರು ದುಡ್ಡು ಕೊಡುತ್ತಾರೆ ಅನ್ನುವುದನ್ನು ನೋಡಿ. ವಿಮಾ ಏಜೆಂಟರಿಗೆ ಕಮಿಷನ್ ಕೊಡುವುದು ಕಂಪನಿ. ಫಂಡ್ ವಿತರಕರಿಗೂ ಅಷ್ಟೆ: ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯಿಂದ ಎಆರ್‌ಎನ್ ಅನ್ನುವ ನೋಂದಣಿ ನಂಬರ್ ಪಡೆದು ಕಮಿಷನ್ ಸೇರಿರುವ ರೆಗ್ಯುಲರ್ ಪ್ಲಾನ್ ಮಾರುತ್ತಾರೆ, ನೀವು ಹಣ ಇಟ್ಟಿರುವಷ್ಟು ವರ್ಷವೂ ಅವರಿಗೆ ಕಮಿಷನ್ ಬರುತ್ತದೆ. ಸೆಬಿ ನೋಂದಾಯಿತ ಸಲಹೆಗಾರರಿಗೆ ಮಾತ್ರ ದುಡ್ಡು ಬರುವುದು ಸಲಹೆ ಪಡೆದವರಿಂದ. ಅವರು 2013ರಿಂದ ಇರುವ ಡೈರೆಕ್ಟ್ ಪ್ಲಾನ್ ಸೂಚಿಸುತ್ತಾರೆ, ಅದರಲ್ಲಿ ಕಮಿಷನ್ ಇರುವುದಿಲ್ಲ. ಒಂದೇ ಮನೆಗೆ ಸಲಹೆಯನ್ನೂ ಕೊಟ್ಟು, ಕಮಿಷನ್ ಇರುವ ಸರಕನ್ನೂ ಮಾರುವಂತಿಲ್ಲ.

ಒಳ್ಳೆಯ ಏಜೆಂಟರು ಖಂಡಿತ ಇದ್ದಾರೆ. ಸಾವಿನ ಕ್ಲೇಮಿಗೆ ಮನೆಬಾಗಿಲಿಗೆ ಬಂದು ಅರ್ಜಿ ತುಂಬಿಸಿಕೊಟ್ಟವರನ್ನು ಕಂಡಿದ್ದೇನೆ. ಆದರೂ ನಿವೃತ್ತಿಯ ಇಡುಗಂಟಿನ ವಿಷಯದಲ್ಲಿ ಕಮಿಷನ್ ಮತ್ತು ಸಲಹೆ ಬೇರೆ ಬೇರೆ ಇರಬೇಕು. ಈ ಮಾತಿನಲ್ಲಿ ನನಗೆ ಎರಡು ಮನಸ್ಸಿಲ್ಲ. ನಿಮ್ಮ ಸಲಹೆಗಾರರ ನೋಂದಣಿ ಸಂಖ್ಯೆ ಕೇಳಿ. ಅದು 'ಐಎನ್‌ಎ' ಅಂತ ಶುರುವಾಗುತ್ತದೆ. ಸೆಬಿಯ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗಬೇಕು.

ಸಂಪಾದನೆ ಹೇಗೆ?

ಮೊದಲ ಎರಡು ಮೂರು ವರ್ಷ ಕಷ್ಟ. ನಮ್ಮಲ್ಲಿ ಸಲಹೆಗೆ ದುಡ್ಡು ಕೊಡುವ ರೂಢಿ ಇನ್ನೂ ಕಡಿಮೆ. ಡಾಕ್ಟರಿಗೆ ಫೀ ಕೊಡುವವರೇ ನಮ್ಮ ಬಳಿ ಬಂದಾಗ "ಸುಮ್ನೆ ಒಂದು ಮಾತು ಕೇಳೋಣ ಅಂತ ಬಂದೆ" ಅನ್ನುತ್ತಾರೆ. ನಿಯಮದ ಪ್ರಕಾರ ಒಂದು ಕುಟುಂಬದಿಂದ ವರ್ಷಕ್ಕೆ ನಿಗದಿತ ಫೀ ರೂಪದಲ್ಲಿ 1,51,000 ರೂಪಾಯಿವರೆಗೆ ತೆಗೆದುಕೊಳ್ಳಬಹುದು. ಜಿಲ್ಲಾ ಊರುಗಳಲ್ಲಿ ಅಷ್ಟು ಕೇಳುವ ಪ್ರಶ್ನೆಯೇ ಬರುವುದಿಲ್ಲ. ಉದಾಹರಣೆಗೆ 60 ಮನೆಗಳು, ಮನೆಗೆ ವರ್ಷಕ್ಕೆ 15,000 ಅಂದರೆ 9 ಲಕ್ಷ. ಅದರಲ್ಲಿ ಬಾಡಿಗೆ, ಸಾಫ್ಟ್‌ವೇರ್, ಆಡಿಟ್ ಖರ್ಚು ಕಳೆಯಿರಿ. ಒಂದು ವರ್ಷದ ಮನೆ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಇಳಿಯಿರಿ. ಹಸಿದವರು ಸಲಹೆಗಾರರಾದರೆ ಕಮಿಷನ್ನಿನ ಕಡೆ ಕೈ ಹೋಗುತ್ತದೆ.

ಮೊದಲ ಭೇಟಿಯಲ್ಲಿ ಏನು ಕೇಳುತ್ತೀರಿ?

ಎಲ್ಲ ಕಾಗದ ತನ್ನಿ ಅನ್ನುತ್ತೇನೆ. ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತವೆ. ಮಡಚಿ ಮಡಚಿ ಹರಿದ ಕ್ರಯಪತ್ರ, ಹಳೆಯ ಪಹಣಿ, ಮುಚ್ಚಿಹೋದ ಬ್ಯಾಂಕ್ ಶಾಖೆಯ ಪಾಸ್‌ಬುಕ್, ಮೆಚ್ಯೂರ್ ಆಗಿ ವರ್ಷಗಳಾದರೂ ಹಣ ತೆಗೆಯದ ಬಾಂಡ್ ಎಲ್ಲ ಅದರಲ್ಲಿರುತ್ತವೆ. ಇವನ್ನು ಟೇಬಲ್ ಮೇಲೆ ಹರಡಿ ಒಂದೊಂದಕ್ಕೂ ಮೂರು ಪ್ರಶ್ನೆ: ಯಾರ ಹೆಸರಲ್ಲಿದೆ? ನಾಮಿನಿ ಯಾರು? ಹೆಂಡತಿಗೆ ಇದು ಇರುವುದು ಗೊತ್ತಾ? ಮೂರನೆಯದಕ್ಕೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ.

ಒಂದು ತಪ್ಪು ತುಂಬಾ ಮನೆಗಳಲ್ಲಿ ಕಾಣುತ್ತದೆ. ಕೆಲಸಕ್ಕೆ ಸೇರಿದಾಗ ಪಿಎಫ್‌ಗೆ ತಾಯಿಯ ಹೆಸರು ಬರೆಸಿರುತ್ತಾರೆ. ಆಮೇಲೆ ಮದುವೆ ಆಗುತ್ತದೆ, ಮಕ್ಕಳಾಗುತ್ತವೆ, ಫಾರಂ ಹಾಗೇ ಉಳಿಯುತ್ತದೆ. ಪಿಎಫ್ ನಿಯಮದಲ್ಲಿ ಮದುವೆಗೆ ಮುಂಚಿನ ನಾಮಿನೇಷನ್ ಮದುವೆಯಾದ ಮೇಲೆ ನಡೆಯುವುದಿಲ್ಲ, ಹೊಸದಾಗಿ ಕೊಡಬೇಕು. ಪಿಎಫ್ ಸದಸ್ಯರ ಯುಎಎನ್ ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ಮಾಡಲು ಜಾಸ್ತಿ ಹೊತ್ತು ಬೇಕಿಲ್ಲ. ಎಷ್ಟೋ ಸಲ ಅವರು ಕುರ್ಚಿಯಿಂದ ಏಳುವ ಮೊದಲೇ ಮಾಡಿಸಿಬಿಡುತ್ತೇನೆ.

ನಿವೃತ್ತಿಗೆ ಎಷ್ಟು ದುಡ್ಡು ಬೇಕು?

ಎಲ್ಲರಿಗೂ ಹೊಂದುವ ಒಂದು ಮೊತ್ತ ಇಲ್ಲ. "ಒಂದು ಕೋಟಿ ಇದ್ದರೆ ಸಾಕಾ?" ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ತಿಂಗಳ ಖರ್ಚನ್ನು. ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ. ಮೂರು ತಿಂಗಳು ಬರೆದಿಟ್ಟು ತನ್ನಿ ಅನ್ನುತ್ತೇನೆ.

ಬೆಲೆ ಏರಿಕೆ ವರ್ಷಕ್ಕೆ 6% ಅಂತ ಇಟ್ಟುಕೊಂಡರೆ ಖರ್ಚು ಸುಮಾರು 12 ವರ್ಷಕ್ಕೆ ಎರಡರಷ್ಟು ಆಗುತ್ತದೆ. 48ನೇ ವಯಸ್ಸಿನಲ್ಲಿ ತಿಂಗಳಿಗೆ 40,000 ಸಾಕಾಗುವ ಮನೆಗೆ 60ಕ್ಕೆ 80,000 ಬೇಕು, 72ಕ್ಕೆ 1,60,000. ಈ ಮೂರು ಅಂಕಿ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟರೆ ಮಾತು ತಾನಾಗಿ ಶುರುವಾಗುತ್ತದೆ. ಎಲ್ಲ ಹಣವನ್ನೂ ಎಫ್‌ಡಿಯಲ್ಲೇ ಇಡುತ್ತೇನೆ ಅನ್ನುವವರು ಆಗ ಸ್ವಲ್ಪ ಯೋಚಿಸುತ್ತಾರೆ. ಔಷಧಿ ಖರ್ಚು ಇದಕ್ಕಿಂತ ಜೋರಾಗಿ ಏರುತ್ತದೆ ಅಂತಲೇ ಲೆಕ್ಕ ಹಾಕಿ.

ಪಿಂಚಣಿ ಬರುತ್ತದಲ್ಲ, ಇನ್ನೇನು ಚಿಂತೆ?

ಯಾವ ಪಿಂಚಣಿ ಅಂತ ಮೊದಲು ನೋಡಬೇಕು. ಕರ್ನಾಟಕ ಸರ್ಕಾರದ ಕೆಲಸಕ್ಕೆ 1-4-2006ಕ್ಕಿಂತ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ, ತುಟ್ಟಿಭತ್ಯೆ, ಕುಟುಂಬ ಪಿಂಚಣಿ ಉಂಟು. ಆಮೇಲೆ ಸೇರಿದವರಿಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ). ಅಲ್ಲಿ ಕೂಡಿದ ಹಣದ ಒಂದು ಭಾಗದಿಂದ ಆನ್ಯುಯಿಟಿ (ತಿಂಗಳು ತಿಂಗಳು ಹಣ ಕೊಡುವ ವಿಮಾ ಯೋಜನೆ) ಕೊಳ್ಳಬೇಕು, ಬರುವ ತಿಂಗಳ ಹಣಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ.

ಖಾಸಗಿ ಕಂಪನಿಯವರಿಗೆ ಪಿಎಫ್ ಜೊತೆ ಇರುವ ಪಿಂಚಣಿ ಯೋಜನೆ ಇಪಿಎಸ್‌ನ ಲೆಕ್ಕ ನೋಡಿದರೆ ಬೇಜಾರಾಗುತ್ತದೆ. ಪಿಂಚಣಿಗೆ ಹಿಡಿಯುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಹೆಚ್ಚಿನ ವೇತನದ ಆಯ್ಕೆ ಸಿಕ್ಕವರನ್ನು ಬಿಟ್ಟರೆ ವೇತನದ ಮಿತಿ 15,000. 35 ವರ್ಷ ಲೆಕ್ಕಕ್ಕೆ ಸಿಕ್ಕರೂ ತಿಂಗಳಿಗೆ 7,500 ರೂಪಾಯಿ. ಅದು ಏರುವುದೂ ಇಲ್ಲ. ಇಷ್ಟು ಕಡಿಮೆ ಅನ್ನುವುದು 57ನೇ ವಯಸ್ಸಿನಲ್ಲಿ ತಿಳಿದು ದಿಗಿಲಾದವರನ್ನು ನೋಡಿದ್ದೇನೆ. 35ರಲ್ಲೇ ತಿಳಿದಿದ್ದರೆ ದಾರಿ ಹತ್ತಿತ್ತು.

ನಿವೃತ್ತಿಯಾದಾಗ ಬಂದ ಹಣವನ್ನು ಎಲ್ಲಿಡಬೇಕು?

ಮೊದಲ ಮೂರು ತಿಂಗಳು ಎಲ್ಲಿಯೂ ತೊಡಗಿಸಬೇಡಿ. ಗ್ರ್ಯಾಚುಟಿ, ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಇಡುಗಂಟಾಗಿ ಪಡೆಯುವುದು), ಗಳಿಕೆ ರಜೆಯ ಹಣ, ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಹಣ ಎಲ್ಲ ಒಂದಾದ ಮೇಲೊಂದು ಬ್ಯಾಂಕ್ ಖಾತೆಗೆ ಬೀಳುತ್ತವೆ. ಬಿದ್ದ ವಾರವೇ ಫೋನು ಶುರು. ನನ್ನ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರಿಗೆ "ಎಫ್‌ಡಿ ತರಾನೇ ಮೇಡಂ, ಬಡ್ಡಿ ಜಾಸ್ತಿ" ಅಂತ ಹೇಳಿ ವರ್ಷ ವರ್ಷ ಪ್ರೀಮಿಯಂ ಕಟ್ಟಬೇಕಾದ ವಿಮೆ ಮಾಡಿಸಿದ್ದರು. ಪಿಂಚಣಿಗಿಂತ ಪ್ರೀಮಿಯಂ ದೊಡ್ಡದಿತ್ತು! ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವೆಂದು ವಾಪಸ್ ಮಾಡುವ ಹಕ್ಕು ಇದೆ. ಅವರು ಆ ಅವಧಿಯೊಳಗೇ ಬಂದಿದ್ದರಿಂದ ಹಣ ಹಿಂದಕ್ಕೆ ಬಂತು. ಈ 30 ದಿನದ ವಿಷಯವನ್ನು ನಿಮ್ಮ ಮನೆಯ ಹಿರಿಯರಿಗೆ ಇವತ್ತೇ ಹೇಳಿ.

ಆಮೇಲೆ ಮೊದಲು ನೋಡಬೇಕಾದ್ದು ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ. 60 ತುಂಬಿದ ಒಬ್ಬರಿಗೆ 30 ಲಕ್ಷದವರೆಗೆ ಅವಕಾಶ, 5 ವರ್ಷದ ಅವಧಿ. 8.2% ಬಡ್ಡಿ ಇರುವಾಗ ಸೇರಿದವರಿಗೆ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ದಿನದ ಖರ್ಚಿಗೆ ಇಂಥದ್ದು, ಹತ್ತು ವರ್ಷದಾಚೆಗೆ ಬೇಕಾಗುವುದಕ್ಕೆ ಸ್ವಲ್ಪ ಭಾಗ ಈಕ್ವಿಟಿ ಫಂಡ್. ಎಷ್ಟು ಅನ್ನುವುದು ಆ ಮನೆಯ ಧೈರ್ಯ, ಸಾಲ, ಕಾಯಿಲೆ ನೋಡಿ ಹೇಳಬೇಕಾದ ಮಾತು.

ನಾಮಿನಿ ಇದ್ದಾರಲ್ಲ, ವಿಲ್ ಯಾಕೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಬ್ಯಾಂಕ್ ಠೇವಣಿ, ಷೇರು, ಫಂಡ್‌ಗಳಲ್ಲಿ ನಾಮಿನಿ ಅಂದರೆ ಹಣವನ್ನು ಕೈಗೆ ತೆಗೆದುಕೊಳ್ಳುವವರು, ಅಷ್ಟೆ. ಅದು ಕೊನೆಗೆ ಸೇರಬೇಕಾದ್ದು ವಿಲ್‌ನಲ್ಲಿ ಹೇಳಿದವರಿಗೆ, ವಿಲ್ ಇಲ್ಲದಿದ್ದರೆ ಕಾನೂನಿನ ವಾರಸುದಾರರಿಗೆ. ಷೇರುಗಳ ವಿಷಯದಲ್ಲೂ ಹೀಗೇ ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಶಕ್ತಿ ಯಜ್ದಾನಿ ಪ್ರಕರಣದಲ್ಲಿ ಹೇಳಿತು. ಜೀವವಿಮೆಯಲ್ಲಿ 2015ರ ತಿದ್ದುಪಡಿ ಆದಮೇಲೆ ಸಂಗಾತಿ, ಮಕ್ಕಳು, ತಂದೆ ತಾಯಿ ನಾಮಿನಿಯಾಗಿದ್ದರೆ ನಿಯಮ ಬೇರೆ ಇದೆ.

ಹಾಗಂತ ನಾಮಿನಿ ಬರೆಸದೇ ಬಿಡಬೇಡಿ. ಇಲ್ಲದಿದ್ದರೆ ಸಣ್ಣ ಮೊತ್ತಕ್ಕೂ ಓಡಾಟ. 1-11-2025ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ನಾಮಿನಿಯೂ ವಿಲ್‌ನಲ್ಲಿರುವ ಹೆಸರೂ ಒಂದೇ ಆಗಿರಲಿ ಅನ್ನುವುದು ನನ್ನ ಸಲಹೆ. ಜಗಳಕ್ಕೆ ಅರ್ಧ ಕಾರಣ ಅಲ್ಲೇ ಇಲ್ಲವಾಗುತ್ತದೆ.

ವಿಲ್ ಬರೆಯದೇ ತೀರಿಕೊಂಡರೆ ಏನಾಗುತ್ತದೆ?

ಒಂದು ಮನೆಯ ಸ್ಥಿತಿ ಹೇಳುತ್ತೇನೆ. 38 ವರ್ಷದ ಮಗ ಅಪಘಾತದಲ್ಲಿ ಹೋದ. ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು, ತಾಯಿ, ತಂದೆ ಇದ್ದಾರೆ. ಅವನೇ ದುಡಿದು ತೆಗೆದುಕೊಂಡ ಸೈಟು ಪೂರ್ತಿ ತನ್ನದು ಅಂತ ಹೆಂಡತಿ ತಿಳಿದಿದ್ದಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು, ತಾಯಿ ಈ ನಾಲ್ವರೂ ಒಂದನೇ ದರ್ಜೆಯ ವಾರಸುದಾರರು. ತಲಾ ಕಾಲು ಪಾಲು. ತಂದೆ ಎರಡನೇ ದರ್ಜೆ, ಹಾಗಾಗಿ ಅವರಿಗೆ ಏನೂ ಇಲ್ಲ. ಅಪ್ರಾಪ್ತ ಮಕ್ಕಳ ಪಾಲನ್ನು ಮಾರಬೇಕಾದರೆ ಕೋರ್ಟಿನ ಅನುಮತಿ ಬೇಕು. ಮುಂದೆ ಅತ್ತೆ ವಿಲ್ ಮಾಡದೇ ತೀರಿಕೊಂಡರೆ ಅವರ ಕಾಲು ಪಾಲಿನಲ್ಲಿ ನಾದಿನಿ, ಮೈದುನಂದಿರಿಗೂ ಹಕ್ಕು ಬರುತ್ತದೆ. ಯಾರೂ ಕೆಟ್ಟವರಲ್ಲದ ಮನೆಯಲ್ಲೂ ಇದು ಸಿಕ್ಕಾಗುತ್ತದೆ.

ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ಇನ್ನೂ ಕಠಿಣ ನಿಯಮ ಇದೆ. ಮಕ್ಕಳಿಲ್ಲದ ವಿಧವೆ ತಾನೇ ಗಳಿಸಿದ ಆಸ್ತಿ, ವಿಲ್ ಇಲ್ಲದಿದ್ದರೆ, ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಅವರು ಯಾರೂ ಇಲ್ಲದಿದ್ದರೆ ಮಾತ್ರ ಅವಳ ಹೆತ್ತವರಿಗೆ. 15ನೇ ಕಲಮು ಹೀಗಿದೆ, 2009ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ತೀರ್ಪು ಕೊಟ್ಟಿತು. ನನ್ನ ಮಟ್ಟಿಗೆ ಇದು ಅನ್ಯಾಯ. ಕಾನೂನು ಬದಲಾಗುವವರೆಗೆ ದುಡಿಯುವ ಪ್ರತಿ ಹೆಣ್ಣುಮಗಳಿಗೂ ನಾನು ಹೇಳುವುದು: ಅಕ್ಕಾ, ಮೊದಲು ವಿಲ್ ಬರೆಸಿ.

ಮುಸ್ಲಿಂ ಮನೆಗಳಲ್ಲಿ ಪಾಲಿನ ನಿಯಮವೇ ಬೇರೆ. ವಾರಸುದಾರರ ಒಪ್ಪಿಗೆ ಇಲ್ಲದೆ ವಿಲ್ ಮಾಡಲು ಬರುವುದು ಮೂರನೇ ಒಂದು ಭಾಗಕ್ಕೆ ಮಾತ್ರ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಕರಾವಳಿಯ ಅಳಿಯಸಂತಾನದ ಮನೆತನಗಳ ಹಳೆಯ ಕುಟುಂಬ ಆಸ್ತಿ ಅಂದರೆ ಅಲ್ಲಿಯ ಅನುಭವಿ ವಕೀಲರನ್ನು ಕೇಳದೆ ಬಾಯಿ ತೆರೆಯಬೇಡಿ.

ವಿಲ್ ಬರೆಸುವುದು ವಕೀಲರ ಕೆಲಸ ಅಲ್ವಾ?

ಕರಡು ಬರೆಯುವುದು ವಕೀಲರ ಕೆಲಸವೇ. ಅವರ ಬಳಿ ಹೋಗುವ ಮೊದಲು ಏನೇನಿದೆ ಅನ್ನುವ ಪಟ್ಟಿ, ಸಾಲ, ಯಾರಿಗೆ ಏನು ಅನ್ನುವ ನಿರ್ಧಾರ ತಯಾರಿರಬೇಕು. ಅದು ನಮ್ಮ ಕೆಲಸ. ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ ಅನ್ನುತ್ತೇನೆ. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ಆಸ್ತಿ ಪಡೆಯುವವರು ಆಗದಿರಲಿ. ವಯಸ್ಸಾಗಿದ್ದರೆ ಅದೇ ದಿನ ಡಾಕ್ಟರಿಂದ ಒಂದು ಸರ್ಟಿಫಿಕೇಟ್ ಬರೆಸಿಟ್ಟುಕೊಳ್ಳಿ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದು ನಡೆಯುತ್ತದೆ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗೆ ಮಾತ್ರ ವಿಲ್ ಮಾಡಬಹುದು, ಪೂರ್ತಿಗೆ ಅಲ್ಲ.

ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳಿಗೂ ಪಾಲಿದೆಯಾ?

ಇದೆ. ಕರ್ನಾಟಕ 1994ರಲ್ಲೇ ಕಾನೂನು ತಂದಿತು, ಆದರೆ ಆಗ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 9-9-2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಆ ದಿನ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. 20-12-2004ಕ್ಕೆ ಮುಂಚೆ ನೋಂದಣಿಯಾಗಿ ಮುಗಿದ ವಿಭಾಗವನ್ನು ಕೆದಕುವಂತಿಲ್ಲ.

ಕಾನೂನು ಹೀಗಿದ್ದರೂ "ಮದುವೆಗೆ ಅಷ್ಟು ಖರ್ಚು ಮಾಡಿದೆವಲ್ಲ" ಅಂತ ಹೇಳಿ, ಅರಿಶಿನ ಕುಂಕುಮಕ್ಕೆ ಅಂತ ಏನೋ ಸ್ವಲ್ಪ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಡೆದೇ ಇದೆ. ತಂಗಿ ಮನಸಾರೆ ಬಿಟ್ಟುಕೊಟ್ಟರೆ ಅವಳಿಷ್ಟ. ಆದರೆ ಏನನ್ನು ಬಿಡುತ್ತಿದ್ದಾಳೆ, ಅದರ ಬೆಲೆ ಎಷ್ಟು ಅಂತ ಗೊತ್ತಿಲ್ಲದೆ ಸಹಿ ಹಾಕಬಾರದು. ಅಣ್ಣನೇ ನನ್ನ ಗ್ರಾಹಕನಾಗಿದ್ದರೂ ಈ ಮಾತನ್ನು ತಂಗಿಯ ಎದುರಿಗೆ ಹೇಳುತ್ತೇನೆ. ಅದಕ್ಕೆ ಬೇಜಾರು ಮಾಡಿಕೊಂಡು ಹೋದವರೂ ಇದ್ದಾರೆ.

ಬದುಕಿದ್ದಾಗಲೇ ಮಕ್ಕಳ ಹೆಸರಿಗೆ ಬರೆದುಕೊಟ್ಟರೆ ಒಳ್ಳೆಯದಲ್ವಾ?

ಅವಸರ ಮಾಡಬೇಡಿ. ಇರುವ ಒಂದೇ ಮನೆಯನ್ನಂತೂ ಬರೆದುಕೊಡಲೇಬೇಡಿ. ದಾನಪತ್ರ ನೋಂದಣಿಯಾದ ಕ್ಷಣ ಅದು ನಿಮ್ಮದಲ್ಲ. ವಿಲ್ ಹಾಗಲ್ಲ, ಕೊನೆಯವರೆಗೂ ಯಜಮಾನಿಕೆ ನಿಮ್ಮದೇ. ಬರೆದುಕೊಡಲೇಬೇಕು ಅಂದರೆ, ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಹಾಕಿಸಿ. ಹಾಗಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಅದನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಹೋಗಬಹುದು. ಷರತ್ತು ಇಲ್ಲದ ಪತ್ರ ಹಿಡಿದು ಹೋದವರಿಗೆ ದಾರಿ ಬಹಳ ಕಷ್ಟ.

ಹಳ್ಳಿ ಜಮೀನು ಇನ್ನೂ ತಾತನ ಹೆಸರಲ್ಲಿದೆ. ಏನು ಮಾಡಲಿ?

ಪೌತಿ ಖಾತೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಬೇಕು. ವಾರಸುದಾರರೆಲ್ಲರ ಹೆಸರು ಪಹಣಿಗೆ ಬರುತ್ತದೆ. ಹಂಚಿಕೊಳ್ಳಬೇಕಾದರೆ ಆಮೇಲೆ 11ಇ ನಕ್ಷೆ (ಪಾಲುಗಳನ್ನು ಗುರುತಿಸುವ ಸರ್ವೆ ನಕ್ಷೆ), ವಿಭಾಗಪತ್ರ, ಮ್ಯುಟೇಷನ್. ಪಹಣಿಯಲ್ಲಿ ಹೆಸರು ಬಂದರೆ ಆಸ್ತಿಯ ಹಕ್ಕೇ ಬಂದಂತೆ ಅಂದುಕೊಳ್ಳಬೇಡಿ, ಅದು ಕಂದಾಯದ ದಾಖಲೆ. ತಡ ಮಾಡಿದಷ್ಟೂ ವಾರಸುದಾರರ ಸಂಖ್ಯೆ ಬೆಳೆಯುತ್ತದೆ. ತಾತನ ಕಾಲಕ್ಕೆ ನಾಲ್ಕು ಸಹಿ ಸಾಕಿದ್ದ ಕಡೆ ಮೊಮ್ಮಕ್ಕಳ ಕಾಲಕ್ಕೆ ಇಪ್ಪತ್ತು ಬೇಕು, ಅದರಲ್ಲಿ ಮೂವರು ಎಲ್ಲಿದ್ದಾರೋ ಯಾರಿಗೂ ತಿಳಿಯದು.

ಮಕ್ಕಳು ಅಮೆರಿಕದಲ್ಲಿದ್ದಾರೆ. ಅವರಿಗೆ ಇಲ್ಲಿಯ ಆಸ್ತಿ ಸೇರುತ್ತದಾ?

ಸೇರುತ್ತದೆ. ಅನಿವಾಸಿಗಳು ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ವಾರಸಿನಿಂದ ಪಡೆಯಬಹುದು. ಮಾರಿದ ಹಣವನ್ನು ಎನ್‌ಆರ್‌ಒ (ಅನಿವಾಸಿಗಳು ಇಲ್ಲಿಯ ಬ್ಯಾಂಕಿನಲ್ಲಿ ಇಡುವ ರೂಪಾಯಿ) ಖಾತೆಯಿಂದ ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಿಕೊಳ್ಳಲು ಅವಕಾಶ ಇದೆ. ತೆರಿಗೆ ಕಾಗದಗಳು ಸರಿಯಾಗಿರಬೇಕು. ಒಂದು ಎಚ್ಚರಿಕೆ: ಅಪ್ಪ ಕೊಟ್ಟ ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಅಪ್ಪ ತೀರಿಕೊಂಡ ಕ್ಷಣಕ್ಕೆ ಮುಗಿಯುತ್ತದೆ.

ಪಿತ್ರಾರ್ಜಿತಕ್ಕೆ ತೆರಿಗೆ ಕಟ್ಟಬೇಕಾ?

ಭಾರತದಲ್ಲಿ ಈಗ ಇಲ್ಲ. ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ ತೆಗೆದರು. ಬಂದ ಆಸ್ತಿಯಿಂದ ಬಾಡಿಗೆ ಬಂದರೆ, ಅದನ್ನು ಮಾರಿ ಲಾಭ ಆದರೆ ತೆರಿಗೆ ಇದೆ.

ಮನೆಯಲ್ಲಿ ಜಗಳ ಎದ್ದರೆ ನೀವು ಯಾರ ಕಡೆ?

ಫೀ ಕೊಟ್ಟವರ ಕಡೆ, ಆದರೆ ಸುಳ್ಳಿನ ಕಡೆ ಅಲ್ಲ. ಒಬ್ಬರ ವಿಲ್‌ನಲ್ಲಿರುವುದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ದೊಡ್ಡ ಮಗ ಮದುವೆಮನೆಯಲ್ಲಿ ಪಕ್ಕಕ್ಕೆ ಕರೆದು "ಅಪ್ಪ ಏನು ಬರೆಸಿದ್ದಾರೆ?" ಅಂತ ಕೇಳುತ್ತಾನೆ. ಬಾಯಿ ಕಟ್ಟಿಕೊಳ್ಳಲು ಬರದವರು ಈ ಕೆಲಸಕ್ಕೆ ಬರಬಾರದು. ಜಗಳ ಕೋರ್ಟಿನ ಮೆಟ್ಟಿಲು ಹತ್ತುವ ಹಂತಕ್ಕೆ ಬಂದರೆ ನಾವು ಹಿಂದೆ ಸರಿದು ವಕೀಲರಿಗೆ ಬಿಡಬೇಕು.

ನಾನು ಎಲ್ಲಿಂದ ಶುರು ಮಾಡಲಿ?

ನಿಮ್ಮ ಮನೆಯಿಂದ. ಅಪ್ಪನ ಪಿಎಫ್ ನಾಮಿನೇಷನ್, ಅಮ್ಮನ ಪಾಸ್‌ಬುಕ್, ಊರಿನ ಪಹಣಿ, ಮನೆಯ ಇ-ಖಾತಾ ಎಲ್ಲವನ್ನೂ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ತಾತ ಅಜ್ಜಿಯರ ಹೆಸರಿನ ಮರೆತುಹೋದ ಠೇವಣಿ ಇದೆಯೇ ಅಂತ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಿ. ನಂತರ ಅಪ್ಪನ ಮುಂದೆ ಕೂತು ವಿಲ್‌ನ ಮಾತು ಎತ್ತಿ. "ಯಾಕೆ, ನಾನು ಬೇಗ ಹೋಗಲಿ ಅಂತಾನಾ?" ಅಂದರೆ ಎದ್ದು ಹೋಗಬೇಡಿ, ಅಮ್ಮನಿಗೆ ನಾಳೆ ತೊಂದರೆ ಆಗಬಾರದು ಅಂತ ಹೇಳಿ. ನಿಮ್ಮ ಮನೆಯ ಪಟ್ಟಿ ಮುಗಿದ ಮೇಲೆ ಎಕ್ಸ್-ಎ ಪರೀಕ್ಷೆಗೆ ಹೆಸರು ಕೊಡಿ.